106 ಪಂದ್ಯ ಎಸೆದ ಮೈಕ್ ಮಾರ್ಷಲ್‌ನನ್ನು ಬೇಸ್‌ಬಾಲ್ ಯಾಕೆ ದೂರ ಇಟ್ಟಿತು?

ಮಿಶಿಗನ್ ಮೈಸೂರಿಗ:
ಇಲ್ಲಿ ಬೇಸ್‌ಬಾಲ್ ನೋಡೋರು ಕೆಲವರಾದರೂ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ನಮ್ಮ ಮಿಶಿಗನ್ನಿನ ಏಡ್ರಿಯನ್ ಊರಲ್ಲಿ 1943ರಲ್ಲಿ ಹುಟ್ಟಿದ ಮೈಕ್ ಮಾರ್ಷಲ್ ಅಂತ ಒಬ್ಬ ರಿಲೀಫ್ ಪಿಚರ್ ಇದ್ದ. 1974ರಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ಪರ 106 ಪಂದ್ಯಗಳಲ್ಲಿ ಎಸೆದ. ಸೀಸನ್‌ನಲ್ಲಿ ಇರೋದೇ 162 ಪಂದ್ಯ. ಒಟ್ಟು 208 ಇನಿಂಗ್ಸ್ ದಾಟಿತ್ತು, ಸರಾಸರಿ 2.42, ಅಂದ್ರೆ ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು. ಜೂನ್ ಜುಲೈನಲ್ಲಿ ತಂಡ ಆಡಿದ ಸತತ 13 ಪಂದ್ಯಗಳಲ್ಲೂ ಬಂದ. ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಕೂಡ ಆ ವರ್ಷ ಅವನಿಗೇ.

ಆಟದ ಜೊತೆಜೊತೆಗೇ ಮಿಶಿಗನ್ ಸ್ಟೇಟ್‌ನಲ್ಲಿ ಓದಿ 1978ರಲ್ಲಿ ಪಿಎಚ್‌ಡಿ ಮುಗಿಸಿದ. ಓದಿದ್ದು ದೇಹದ ಚಲನೆಯ ಬಗ್ಗೆಯೇ. ತೋಳು ಯಾಕೆ ಹಾಳಾಗುತ್ತೆ, ಹಾಳಾಗದ ಹಾಗೆ ಎಸೆಯೋದು ಹೇಗೆ ಅಂತ ತನ್ನದೇ ತೋಳಿನ ಮೇಲೆ ಪ್ರಯೋಗ ಮಾಡಿದ ಮನುಷ್ಯ. ನಿವೃತ್ತಿ ಆದ ಮೇಲೆ 40 ವರ್ಷ ಬದುಕಿದ್ದ, 2021ರಲ್ಲಿ 78ನೇ ವಯಸ್ಸಿನಲ್ಲಿ ತೀರಿಕೊಂಡ. ಇಷ್ಟು ವರ್ಷದಲ್ಲಿ ಒಂದೇ ಒಂದು ಮೇಜರ್ ಲೀಗ್ (ಅಲ್ಲಿನ ಅತಿ ಮೇಲಿನ ಲೀಗ್) ತಂಡ ಅವನನ್ನು ಪಿಚಿಂಗ್ ಕೋಚ್ ಅಂತ ಕರೆಯಲಿಲ್ಲ! ನನಗೆ ಇದು ದೊಡ್ಡ ಅನ್ಯಾಯ ಅಂತಲೇ ಅನ್ಸುತ್ತೆ. ನೀವೇನಂತೀರಿ?

ಗೂಗ್ಲಿ:
ನಾನು ಕ್ರಿಕೆಟ್‌ನವನು. ರಿಲೀಫ್ ಪಿಚರ್ ಅಂದ್ರೆ ಕೊನೇಲಿ ಬಂದು ಸ್ವಲ್ಪ ಹೊತ್ತು ಎಸೆಯೋನು ತಾನೆ? ಹಾಗಿದ್ರೆ 106 ಪಂದ್ಯ ಏನು ಅಂಥಾ ದೊಡ್ಡ ವಿಷಯ?

ಎಲ್ಎ ನೀಲಿ:
@ಗೂಗ್ಲಿ ಈಗಿನ ರಿಲೀವರ್ ಹೆಚ್ಚುಕಡಿಮೆ ಒಂದು ಇನಿಂಗ್ಸ್‌ಗೆ ಬರ್ತಾನೆ, ಅಂದ್ರೆ ಮೂರು ಔಟ್. ವರ್ಷಕ್ಕೆ 60-70 ಪಂದ್ಯ, ಅಷ್ಟೇ ಇನಿಂಗ್ಸ್. ಮಾರ್ಷಲ್ ಹತ್ತಿರಹತ್ತಿರ ಎರಡೆರಡು ಇನಿಂಗ್ಸ್ ಹಾಕ್ತಿದ್ದ, ಅದೂ ಮೂರು ದಿನದಲ್ಲಿ ಎರಡು ದಿನ. ಒಂದೇ ಸೀಸನ್ನಿನಲ್ಲಿ 625 ಔಟ್. ಅದರ ಮೇಲೆ ಮೈದಾನಕ್ಕೆ ಇಳಿಯೋ ಮುಂಚೆ ಬುಲ್‌ಪೆನ್‌ನಲ್ಲಿ ಎಸೆದು ತೋಳು ಬಿಸಿ ಮಾಡ್ಕೊಳ್ಳೋದು ಬೇರೆ, ಆ ಎಸೆತಗಳು ಯಾವ ಲೆಕ್ಕಕ್ಕೂ ಸೇರಲ್ಲ. ಇವನ ನಂತರ ಅತಿ ಹೆಚ್ಚು ಅಂದ್ರೆ 94 ಪಂದ್ಯ. ಕೆಂಟ್ ಟೆಕುಲ್ವಿ 1979ರಲ್ಲಿ, ಸಾಲೊಮನ್ ಟೊರೆಸ್ 2006ರಲ್ಲಿ. 106 ಇನ್ನು ಮುರಿಯಲ್ಲ ಬಿಡಿ.

ಆದರೆ ಮೈಸೂರಿಗರೇ, "ಅನ್ಯಾಯ" ಅನ್ನೋದನ್ನ ನಾನು ಒಪ್ಪಲ್ಲ. 1975ರಲ್ಲಿ ಏನಾಯ್ತು ಅಂತ ನೀವು ಬರೆದೇ ಇಲ್ಲ. ಪಕ್ಕೆಲುಬಿನ ಹತ್ತಿರ ಪೆಟ್ಟಾಯ್ತು, 57 ಪಂದ್ಯಕ್ಕೆ ಇಳಿದ, 9 ಗೆದ್ದು 14 ಸೋತ. 1976ರ ನಡುವೆಯೇ ಡಾಡ್ಜರ್ಸ್ ಅವನನ್ನ ಅಟ್ಲಾಂಟಾಗೆ ಕಳಿಸಿದ್ರು. ತೋಳು ಹಾಳಾಗದ ವಿಧಾನ ಕಂಡುಹಿಡಿದವನಿಗೆ ಮಾರನೇ ವರ್ಷವೇ ಹೀಗಾದ್ರೆ ಯಾರು ನಂಬ್ತಾರೆ?

ಮಿಶಿಗನ್ ಮೈಸೂರಿಗ:
@ಎಲ್ಎ ನೀಲಿ ಪಕ್ಕೆಲುಬು ತೋಳಲ್ಲ ಸ್ವಾಮಿ. 1979 ನೋಡಿ. ಮಿನ್ನೆಸೋಟ ಟ್ವಿನ್ಸ್‌ಗೆ 90 ಪಂದ್ಯ, 32 ಸೇವ್ (ಕೊನೇಲಿ ಬಂದು ತಂಡದ ಮುನ್ನಡೆ ಉಳಿಸಿಕೊಟ್ಟದ್ದು), ಅಮೆರಿಕನ್ ಲೀಗ್‌ಗೇ ಮೊದಲು. ಆಗ ವಯಸ್ಸು 36! ತೋಳು ಸತ್ತವನು ಇದನ್ನ ಮಾಡ್ತಾನಾ?

ಕರಾವಳಿ:
ಸೈ ಯಂಗ್ ಪಡೆದ ಮೊದಲ ರಿಲೀವರ್ ಹಾಯ್ಟ್ ವಿಲ್ಹೆಲ್ಮ್ ಅಲ್ವಾ ಮಾರಾಯ್ರೆ? ನಕಲ್‌ಬಾಲ್ ಹಾಕ್ತಿದ್ದವರು.

ಎಲ್ಎ ನೀಲಿ:
ಅಲ್ಲ, ವಿಲ್ಹೆಲ್ಮ್ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಹೋದ ಮೊದಲ ರಿಲೀವರ್, 1985ರಲ್ಲಿ. ಸೈ ಯಂಗ್ ಮೊದಲು ಸಿಕ್ಕಿದ್ದು ಮಾರ್ಷಲ್‌ಗೇ. ಆಮೇಲೆ ಸ್ಪಾರ್ಕಿ ಲೈಲ್, ಬ್ರೂಸ್ ಸಟರ್, ರಾಲಿ ಫಿಂಗರ್ಸ್ ಹೀಗೆ ಬಂದ್ರು. 2003ರಲ್ಲಿ ಎರಿಕ್ ಗಾನ್ಯೆಗೆ ಬಂದಿದ್ದೇ ಕೊನೆ, ಆಮೇಲೆ ಯಾವ ರಿಲೀವರ್‌ಗೂ ಸಿಕ್ಕಿಲ್ಲ. ಅವನೂ ನಮ್ಮ ಡಾಡ್ಜರ್‌ನವನೇ.

ಧಾರವಾಡ ಪೇಡಾ:
ಇದನ್ನ ಓದಿದ ಕೂಡಲೇ ನಮ್ಮ ಪ್ರಸನ್ನ ನೆನಪಾದ್ರು ನೋಡ್ರಿ. 1962ರಾಗ ವೆಸ್ಟ್ ಇಂಡೀಸ್‌ಗೆ ಹೋಗಿಬಂದ ಮ್ಯಾಲೆ ಕ್ರಿಕೆಟ್ ಬಿಟ್ಟು ಇಂಜಿನಿಯರಿಂಗ್ ಮುಗಿಸಾಕ ಹೋದ್ರು, ಟೆಸ್ಟ್‌ಗೆ ತಿರುಗಿ ಬಂದಿದ್ದು 1967ಕ್ಕ. ಕುಂಬ್ಳೆ, ಶ್ರೀನಾಥ್ ಇಬ್ಬರೂ ಇಂಜಿನಿಯರ್ ಆದವರ. ಓದಿದ ಬೌಲರ್ ಅಂದ್ರ ನಮಗ ಹೆಮ್ಮೆ. ಅಲ್ಲೆ ಅಮೆರಿಕಾದಾಗ ಓದಿದ್ದ ಅವನಿಗೆ ಮುಳುವಾತೇನು?

ಮಿಶಿಗನ್ ಮೈಸೂರಿಗ:
@ಧಾರವಾಡ ಪೇಡಾ ಸ್ವಲ್ಪ ಹಾಗೇ ಆಯ್ತು. ಹಳೇ ಕೋಚುಗಳಿಗೆ "ಯಾಕೆ" ಅಂತ ಕೇಳೋ ಆಟಗಾರ ಬೇಡ. ಅವನ ಮುಖ್ಯ ಎಸೆತ ಸ್ಕ್ರೂಬಾಲ್. ಬಲಗೈಯವನು ಎಸೆದ್ರೆ ಎಡಗೈ ಬ್ಯಾಟರ್‌ನಿಂದ ಆಚೆಗೆ ಓಡುತ್ತೆ. ಅದನ್ನ ಹಾಕಿದ್ರೆ ಕೈ ಮುರಿಯುತ್ತೆ ಅಂತ ಎಲ್ಲರೂ ನಂಬಿದ್ದ ಕಾಲ. 1967ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಪರ 1.98 ಸರಾಸರಿ ಇದ್ದರೂ 1968ರಲ್ಲಿ ಟೈಗರ್ಸ್ ವಿಶ್ವ ಚಾಂಪಿಯನ್ ಆದಾಗ ಅವನು ಮೈನರ್ ಲೀಗ್‌ನಲ್ಲಿ ಬೆವರು ಸುರಿಸ್ತಿದ್ದ. ಆಮೇಲೆ ಸಿಯಾಟಲ್ ಪೈಲಟ್ಸ್, ಹ್ಯೂಸ್ಟನ್. ಕೊನೆಗೆ ಮಾಂಟ್ರಿಯಲ್‌ನಲ್ಲಿ ಜೀನ್ ಮಾಕ್ ಅನ್ನೋ ಮ್ಯಾನೇಜರ್ "ನಿನ್ನ ದಾರೀಲಿ ನೀನು ಹೋಗು" ಅಂತ ಬಿಟ್ಟುಬಿಟ್ಟ. 1972ರಲ್ಲಿ ಸರಾಸರಿ 1.78, 1973ರಲ್ಲಿ 92 ಪಂದ್ಯ! 1979ರಲ್ಲಿ ಮಿನ್ನೆಸೋಟದಲ್ಲಿ ಇದ್ದ ಮ್ಯಾನೇಜರ್ ಕೂಡ ಅದೇ ಮಾಕ್. ಅವನನ್ನ ನಂಬಿದವನ ಕೈಕೆಳಗೆ ಪ್ರತಿಸಲ ಗೆದ್ದಿದ್ದಾನೆ.

ಗೂಗ್ಲಿ:
ಚಿಕ್ಕವನಿದ್ದಾಗಿಂದ ಪಿಚರ್ರೇ ಏನು?

ಮಿಶಿಗನ್ ಮೈಸೂರಿಗ:
ಇಲ್ಲ. 1960ರಲ್ಲಿ ಫಿಲಡೆಲ್ಫಿಯಾ ತಗೊಂಡಾಗ ಅವನು ಶಾರ್ಟ್‌ಸ್ಟಾಪ್, ಅಂದ್ರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು ಚೆಂಡು ಹಿಡಿಯೋನು. 11ನೇ ವಯಸ್ಸಿನಲ್ಲಿ ಅವನಿದ್ದ ಕಾರಿಗೆ ರೈಲು ಬಡಿದಿತ್ತು. ಕಾರು ಓಡಿಸ್ತಿದ್ದ ಅಂಕಲ್ ಸತ್ತರು, ಇವನ ಬೆನ್ನಿಗೆ ಪೆಟ್ಟು. ಶಾರ್ಟ್‌ಸ್ಟಾಪ್‌ನಲ್ಲಿ ಬಗ್ಗಿಬಗ್ಗಿ ಆ ಬೆನ್ನು ತಡೀಲಿಲ್ಲ. ಅದಕ್ಕೇ ಪಿಚಿಂಗ್‌ಗೆ ಬಂದ.

ಧಾರವಾಡ ಪೇಡಾ:
ಅಲ್ಲಿಗೆ ಚಂದ್ರಶೇಖರ್ ಸುದ್ದೀನೂ ಬಂತು. ಪೋಲಿಯೋ ಆದ ಕೈಯಿಂದಾನ 242 ಟೆಸ್ಟ್ ವಿಕೆಟ್ ತಗೊಂಡ ಮನಷ್ಯಾ!

ಭುಜದ ಡಾಕ್ಟರು:
ನನ್ನ ವೃತ್ತಿ ಭುಜ-ಮೊಣಕೈಗೆ ಸಂಬಂಧಿಸಿದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಬರೀತೀನಿ.

ಮಾರ್ಷಲ್ ಹೇಳಿದ್ದರಲ್ಲಿ ಎರಡು ಭಾಗ ಇದೆ. ಮೊದಲನೆಯದು ಮುಂಗೈ ತಿರುಗೋದು. ಚೆಂಡು ಬಿಡುವಾಗ ಹೆಬ್ಬೆರಳು ನೆಲದ ಕಡೆಗೆ ಬರುವ ಹಾಗೆ ಮುಂಗೈ ಒಳಕ್ಕೆ ತಿರುಗಬೇಕು, ವೇಗದ ಫಾಸ್ಟ್‌ಬಾಲ್ ಇರಲಿ ಬಾಗಿ ಬರೋ ಕರ್ವ್ ಇರಲಿ ಎಲ್ಲಾ ಎಸೆತದಲ್ಲೂ, ಅನ್ನೋದು ಅವನ ವಾದ. ಸ್ಕ್ರೂಬಾಲ್‌ನಲ್ಲಿ ಇದು ತಾನಾಗಿ ಆಗುತ್ತೆ. ಕರ್ವ್‌ಬಾಲ್ ಹಾಕುವಾಗ ಬಹಳಷ್ಟು ಜನ ಮುಂಗೈಯನ್ನ ಆಚೆಗೆ ತಿರುಚ್ತಾರೆ, ಆಗ ಮೊಣಕೈ ಹಿಂಭಾಗದಲ್ಲಿ ಮೂಳೆ ಮೂಳೆಗೆ ಬಡಿಯುತ್ತೆ ಅಂತ ಅವನು ಹೇಳ್ತಿದ್ದ. ಎಸೆದ ಮೇಲೆ ಎಲ್ಲ ಪಿಚರ್‌ಗಳ ಮುಂಗೈಯೂ ಒಳಕ್ಕೇ ತಿರುಗೋದು ಹೈಸ್ಪೀಡ್ ಕ್ಯಾಮೆರಾದಲ್ಲಿ ಕಾಣುತ್ತೆ. ಅವನು ಕೇಳಿದ್ದು ಚೆಂಡು ಕೈಯಲ್ಲಿ ಇರುವಾಗಲೇ ತಿರುಗಿಸಿ ಅಂತ. ಒಳಗಿನ ಸ್ನಾಯುಗಳು ಸರಿಯಾದ ಹೊತ್ತಿಗೆ ಬಿಗಿಯಾದ್ರೆ ಮೊಣಕೈ ಒಳಬದಿಯ ಲಿಗಮೆಂಟ್ ಮೇಲಿನ ಹೊರೆ ಸ್ವಲ್ಪ ಹಂಚಿಹೋಗುತ್ತೆ. ಈ ಯೋಚನೆಯಲ್ಲಿ ಅರ್ಥ ಇದೆ.

ಎರಡನೆಯದು ಇಡೀ ದೇಹದ ಓಟ. ತೋಳನ್ನ ಬೆನ್ನ ಹಿಂದಕ್ಕೆ ಒಯ್ಯಬೇಡ, ನೇರ ಹಿಂದಕ್ಕೆ ಬೀಸಿ ನೇರ ಮುಂದಕ್ಕೆ ತಾ, ಬಲವೆಲ್ಲಾ ಬ್ಯಾಟರ್ ಕಡೆಗೇ ಹೋಗಲಿ ಅಂತ. ಶಿಷ್ಯರು ಎಸೆಯೋದು ನೋಡಿದ್ರೆ ಬೇರೆ ಯಾರ ಹಾಗೂ ಕಾಣ್ತಿರಲಿಲ್ಲ. ಈ ಭಾಗಕ್ಕೆ ಆಧಾರ ಕಮ್ಮಿ. ಅವನ ತೋಳು ಉಳಿದಿದ್ದು ವಿಧಾನದಿಂದಲೋ, ವರ್ಷವಿಡೀ ಬಿಡದೆ ಮಾಡ್ತಿದ್ದ ಅಭ್ಯಾಸದಿಂದಲೋ, ಹುಟ್ಟಿನಿಂದ ಬಂದ ದೇಹದಿಂದಲೋ? ಒಬ್ಬನ ಉದಾಹರಣೆ ಇಟ್ಕೊಂಡು ಬಿಡಿಸಿ ಹೇಳೋಕಾಗಲ್ಲ. ವಿಜ್ಞಾನಿಯಾಗಿ ಇದು ಅವನಿಗೂ ಗೊತ್ತಿರಬೇಕಾದ ಮಾತು.

ಎಲ್ಎ ನೀಲಿ:
ಡಾಕ್ಟರು ಹೇಳಿದ್ದೇ ನನ್ನ ಮಾತು. ಫ್ಲಾರಿಡಾದ ಜೆಫರ್‌ಹಿಲ್ಸ್‌ನಲ್ಲಿ ವರ್ಷಗಟ್ಟಲೆ ಹುಡುಗರಿಗೆ ಕಲಿಸಿದ. ಮಣಿಕಟ್ಟಿಗೆ ತೂಕ ಕಟ್ಟಿ ಎಸೆಸಿದ, ಕಬ್ಬಿಣದ ಗುಂಡು ಎಸೆಸಿದ. ಅವರಲ್ಲಿ ಮೇಜರ್ ಲೀಗ್ ಮುಟ್ಟಿದವರು ಅಂದ್ರೆ ಟ್ಯಾಂಪಾ ಬೇ ಪರ 1999-2000ರಲ್ಲಿ ಸ್ವಲ್ಪ ಕಾಲ ಆಡಿದ ಜೆಫ್ ಸ್ಪಾರ್ಕ್ಸ್ ಹೆಸರೊಂದೇ ಎಲ್ಲರ ಬಾಯಲ್ಲಿ. ತಂಡಗಳಿಗೆ ಬೇಕಾಗಿರೋದು ಗೆಲ್ಲಿಸೋ ಪಿಚರ್. ನೋವಿಲ್ಲದೆ ಎಸೆಯೋದು ಒಂದೇ ಸಾಲದು.

ಮಿಶಿಗನ್ ಮೈಸೂರಿಗ:
@ಎಲ್ಎ ನೀಲಿ ಅವನ ಹತ್ತಿರ ಹೋಗ್ತಿದ್ದವರು ಯಾರು? ಬೇರೆ ಎಲ್ಲೂ ಬೇಡ ಅಂದ ಹುಡುಗರು, ಆಗಲೇ ತೋಳು ಕೆಡಿಸ್ಕೊಂಡು ಬಂದವರು. ತಂಡಗಳು ಹೊಸಬರನ್ನ ಆರಿಸುವಾಗ ಮೊದಲ ಸುತ್ತಿನಲ್ಲೇ ಆಯ್ಕೆಯಾದ ಒಬ್ಬನನ್ನಾದ್ರೂ ಯಾವ ತಂಡವಾದ್ರೂ ಅವನ ಕೈಗೆ ಕೊಡ್ತಾ? ಕೊಟ್ಟು ಸೋತಿದ್ರೆ ನಿಮ್ಮ ಮಾತು ಒಪ್ತಿದ್ದೆ. ಪರೀಕ್ಷೆಯನ್ನೇ ಮಾಡದೆ ಫೇಲ್ ಅಂದ್ರೆ ಹೇಗೆ?

ಭುಜದ ಡಾಕ್ಟರು:
ಅದು ನ್ಯಾಯವಾದ ಮಾತು. ಪರೀಕ್ಷೆ ಆಗಲೇ ಇಲ್ಲ.

ಕರಾವಳಿ:
ಆ ಟಾಮಿ ಜಾನ್ ಸರ್ಜರಿ ಅಂತಾರಲ್ಲ, ಆ ಟಾಮಿ ಜಾನ್ ಕೂಡ ಅದೇ 1974ರ ಡಾಡ್ಜರ್ಸ್‌ನಲ್ಲೇ ಇದ್ದದ್ದಲ್ವಾ?

ಎಲ್ಎ ನೀಲಿ:
ಹೌದು! ಜುಲೈನಲ್ಲಿ ಮೊಣಕೈ ಲಿಗಮೆಂಟ್ ಹರೀತು, ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಕಟ್ಟಿದ್ರು. 1976ಕ್ಕೆ ವಾಪಸ್ ಬಂದು 1989ರ ತನಕ ಆಡಿದ. ಒಟ್ಟು 288 ಗೆಲುವಲ್ಲಿ 164 ಸರ್ಜರಿ ಆದ ಮೇಲಿನವು. ಒಂದು ವಿಷಯ ಮೈಸೂರಿಗರಿಗೆ ಖುಷಿ ಕೊಡುತ್ತೆ: ಆ ವಾಪಸಾತಿಯಲ್ಲಿ ಎಸೆಯೋ ಕ್ರಮ ತಿದ್ದಿಕೊಟ್ಟಿದ್ದಕ್ಕೆ ಜಾನ್ ನೆನೆಯೋದು ಮಾರ್ಷಲ್‌ನನ್ನ. ಅಷ್ಟರಮಟ್ಟಿಗೆ ನಾನೂ ಅವನಿಗೆ ಕೈ ಮುಗೀತೀನಿ.

ಗೂಗ್ಲಿ:
ಒಂದೇ ಡ್ರೆಸಿಂಗ್ ರೂಮಲ್ಲಿ ದಿನಾ ಎಸೆದರೂ ಏನೂ ಆಗದ ತೋಳು, ಹರಿದ ತೋಳು ಎರಡೂ! ಆ ವರ್ಷ ವಿಶ್ವ ಸರಣಿ ಗೆದ್ರಾ?

ಎಲ್ಎ ನೀಲಿ:
ಸೋತ್ವಿ. ಓಕ್ಲಂಡ್ ಎದುರು 4-1. ಮಾರ್ಷಲ್ ಐದೂ ಪಂದ್ಯ ಎಸೆದ, 9 ಇನಿಂಗ್ಸ್, ಕೊಟ್ಟಿದ್ದು ಒಂದೇ ರನ್. ಆ ಒಂದು ರನ್ನೇ ಸರಣಿ ಮುಗಿಸಿತು.

ಐದನೇ ಪಂದ್ಯ, ಏಳನೇ ಇನಿಂಗ್ಸ್, 2-2 ಸಮ. ಓಕ್ಲಂಡ್ ಜನ ಲೆಫ್ಟ್ ಫೀಲ್ಡ್‌ನಲ್ಲಿದ್ದ ಬಿಲ್ ಬಕ್ನರ್ ಮೇಲೆ ಕಸಕಡ್ಡಿ ಎಸೆದು ಆಟ ನಿಲ್ಲಿಸಿದ್ರು. ಅಷ್ಟು ಹೊತ್ತು ಆಟ ನಿಂತಾಗ ಯಾವ ಪಿಚರ್ ಆದ್ರೂ ನಾಲ್ಕು ಚೆಂಡು ಎಸೆದು ತೋಳು ಬಿಸಿ ಇಟ್ಕೊಳ್ತಾನೆ. ಮಾರ್ಷಲ್ ಒಂದೂ ಎಸೀಲಿಲ್ಲ. ಬ್ಯಾಟ್ ಹಿಡಿದು ಕಾಯ್ತಿದ್ದ ಜೋ ರೂಡಿ ಇದನ್ನ ಗಮನಿಸಿದ, ಮೊದಲನೇದು ಫಾಸ್ಟ್‌ಬಾಲೇ ಬರುತ್ತೆ ಅಂತ ಲೆಕ್ಕ ಹಾಕಿದ. ಬಂತು. ಹೋಮ್ ರನ್. 3-2. ತೋಳಿನ ಬಗ್ಗೆ ಅಷ್ಟು ತಿಳಿದವನು ಆ ಹೊತ್ತಲ್ಲಿ ಯಾಕೆ ಹಾಗೆ ನಿಂತ ಅಂತ ನಮ್ಮಂಥ ಡಾಡ್ಜರ್ ಅಭಿಮಾನಿಗಳಿಗೆ ಈಗಲೂ ಹೊಟ್ಟೆ ಉರಿಯುತ್ತೆ.

ಮಿಶಿಗನ್ ಮೈಸೂರಿಗ:
ಎರಡನೇ ಪಂದ್ಯ ಯಾಕೆ ಬಿಟ್ರಿ? ಡಾಡ್ಜರ್ಸ್ ಗೆದ್ದ ಒಂದೇ ಪಂದ್ಯ ಅದು. ಒಂಬತ್ತನೇ ಇನಿಂಗ್ಸ್, 3-2. ಓಕ್ಲಂಡ್‌ನವರು ಓಡೋಕಂತಲೇ ಇಟ್ಕೊಂಡಿದ್ದ ಹರ್ಬ್ ವಾಷಿಂಗ್ಟನ್‌ನನ್ನ ಮೊದಲ ಬೇಸ್‌ಗೆ ಕಳಿಸಿದ್ರು. ಬ್ಯಾಟೂ ಹಿಡೀದ, ಚೆಂಡೂ ಎಸೆಯದ ಅಥ್ಲೀಟ್, ಅವನೂ ಮಿಶಿಗನ್ ಸ್ಟೇಟ್‌ನವನೇ. ಮಾರ್ಷಲ್ ತಿರುಗಿ ಮೊದಲ ಬೇಸ್‌ಗೆ ಎಸೆದ, ವಾಷಿಂಗ್ಟನ್ ಔಟ್!

ಕ್ವೀನ್ಸ್ ಕನ್ನಡಿಗ:
ನ್ಯೂಯಾರ್ಕ್ ಮೆಟ್ಸ್ ಅಭಿಮಾನಿಯಾಗಿ ನನಗೆ ಹೇಳೋಕಿರೋದು ಬೇರೆ ಕಥೆ. ಮಾರ್ಷಲ್ 1981ರಲ್ಲಿ ಕೊನೆಗೆ ಆಡಿದ್ದು ನಮ್ಮ ಮೆಟ್ಸ್‌ಗೇ. ಆದರೆ ನನ್ನ ತಲೇಲಿ ಇರೋದು ಪೆಡ್ರೊ ಫೆಲಿಸಿಯಾನೊ. ಎಡಗೈ ರಿಲೀವರ್, ಪೋರ್ಟೊ ರಿಕೊದವನು. 2008ರಲ್ಲಿ 86 ಪಂದ್ಯ, 2009ರಲ್ಲಿ 88, 2010ರಲ್ಲಿ 92. ಮೂರು ವರ್ಷವೂ ಲೀಗ್‌ಗೇ ಹೆಚ್ಚು. ಆಮೇಲೆ ಯಾಂಕೀಸ್ ಎರಡು ವರ್ಷಕ್ಕೆ 80 ಲಕ್ಷ ಡಾಲರ್ ಕೊಟ್ಟು ಕರ್ಕೊಂಡ್ರು. ಭುಜ ಹೋಗಿತ್ತು. ಮೇಜರ್ ಲೀಗ್‌ನಲ್ಲಿ ಯಾಂಕೀಸ್ ಪರ ಒಂದು ಚೆಂಡೂ ಎಸೀಲಿಲ್ಲ. 2021ರಲ್ಲಿ 45ನೇ ವಯಸ್ಸಿಗೇ ತೀರಿಕೊಂಡ, ಮಾರ್ಷಲ್ ಹೋದ ವರ್ಷವೇ.

ಮಾರ್ಷಲ್ 106 ಎಸೆದ ಅಂತ ಕುಣಿಯೋರು ಇದನ್ನೂ ನೋಡಿ. ಬುಲ್‌ಪೆನ್‌ನಲ್ಲಿ ಫೋನ್ ಬಡಿದಾಗೆಲ್ಲ ಎದ್ದು ನಿಂತ ಎಷ್ಟು ರಿಲೀವರ್‌ಗಳ ಭುಜ ಹೀಗೆ ಸವೆದಿದೆ! ಅವರಿಗೆಲ್ಲ ಪಿಎಚ್‌ಡಿ ಇರಲಿಲ್ಲ.

ಮಿಶಿಗನ್ ಮೈಸೂರಿಗ:
@ಕ್ವೀನ್ಸ್ ಕನ್ನಡಿಗ ನಾನು ಹೇಳ್ತಿರೋದೂ ಅದನ್ನೇ! ಫೆಲಿಸಿಯಾನೊ ಅಂಥವರಿಗೆ ಬೇಕಾಗಿದ್ದ ತಿಳುವಳಿಕೆ ಇದ್ದ ಮನುಷ್ಯ ಫ್ಲಾರಿಡಾದಲ್ಲಿ ಕೂತಿದ್ದ, ಯಾರೂ ಫೋನ್ ಮಾಡಲಿಲ್ಲ.

ಧಾರವಾಡ ಪೇಡಾ:
ಬುಮ್ರಾ ಬೆನ್ನಿನ ಸುದ್ದಿ ಬಂದಾಗೆಲ್ಲಾ ನಾವೂ ಇದನ್ನ ಮಾತಾಡ್ತೀವಲ್ರಿ. ಕುಂಬ್ಳೆ ಭುಜದ ಆಪರೇಷನ್ ಆಗಿ 2001ರ ಆಸ್ಟ್ರೇಲಿಯಾ ಸರಣಿ ತಪ್ಪಿಸಿಕೊಂಡ್ರು, ಶ್ರೀನಾಥ್ ಭುಜ 1997ರಾಗ ಹೋತು. ನಮ್ಮಲ್ಲೂ ಯಾರು ಕೇಳಿದ್ರು ಆಗ?

ಗೂಗ್ಲಿ:
ಕುಂಬ್ಳೆ ವಾಪಸ್ ಬಂದು 600 ದಾಟಿದ್ರು ಅನ್ನೋದನ್ನೂ ಸೇರಿಸಿ.

ಕರಾವಳಿ:
ಈ ಮಾರ್ಷಲ್ ಆಟೋಗ್ರಾಫ್ ಕೊಡ್ತಿರ್ಲಿಲ್ಲ ಅಂತ ಓದಿದ್ದೇನೆ. ಮಕ್ಕಳಿಗೂ ಇಲ್ಲವಂತೆ. ಇದು ನನಗೆ ಹಿಡಿಸ್ಲಿಲ್ಲ ನೋಡಿ. ಮಗು ಪೇಪರ್ ಹಿಡ್ಕೊಂಡು ಬಂದ್ರೆ ಒಂದು ಸಹಿ ಹಾಕ್ಲಿಕ್ಕೆ ಏನು ಕಷ್ಟ? ಅಂಥವರನ್ನ ಯಾವ ತಂಡ ಪ್ರೀತಿಯಿಂದ ಕರೀತದೆ?

ಮಿಶಿಗನ್ ಮೈಸೂರಿಗ:
ಚೆಂಡು ಎಸೆಯೋನು ಮಕ್ಕಳಿಗೆ ಹೀರೋ ಆಗಬಾರದು, ಅವರು ಮೇಷ್ಟ್ರನ್ನ ಗೌರವಿಸಲಿ ಅನ್ನೋದು ಅವನ ನಿಲುವು. ಕಠಿಣ ಇರಬಹುದು, ಪ್ರಾಮಾಣಿಕ. ಅದೇ ಮನುಷ್ಯ ಪಿಚಿಂಗ್ ಬಗ್ಗೆ ತಾನು ಬರೆದದ್ದನ್ನೆಲ್ಲ ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟ. ಯಾರೋ ಅಪ್ಪ ಮಗನ ಮೊಣಕೈ ನೋವಿನ ಬಗ್ಗೆ ಬರೆದ್ರೆ ಪುಟಗಟ್ಟಲೆ ಉತ್ತರ ಬರೀತಿದ್ದ. ಸಹಿಗಿಂತ ಅದು ದೊಡ್ಡದಲ್ವಾ?

ಕರಾವಳಿ:
ಎರಡೂ ಮಾಡಬಹುದಿತ್ತು.

ಕ್ವೀನ್ಸ್ ಕನ್ನಡಿಗ:
ಯೂನಿಯನ್ ವಿಷಯ ಯಾರೂ ಎತ್ತಲಿಲ್ಲ. ಮಿನ್ನೆಸೋಟದಲ್ಲಿ ಆಟಗಾರರ ಪ್ರತಿನಿಧಿ ಅವನು. 1979ರಲ್ಲಿ 90 ಪಂದ್ಯ ಎಸೆದವನನ್ನ 1980ರ ಜೂನ್‌ನಲ್ಲೇ ತಂಡದಿಂದ ತೆಗೆದ್ರು. ಯೂನಿಯನ್ ಕೆಲಸಕ್ಕೇ ತೆಗೆದದ್ದು ಅಂತ ಅವನು ಕೊನೇವರೆಗೂ ನಂಬಿದ್ದ. ಮಾಲೀಕರ ಎದುರು ನಿಂತವನಿಗೆ ಆಮೇಲೆ ಕೋಚ್ ಕೆಲಸ ಕೊಡೋರು ಯಾರು? ವಿಜ್ಞಾನದ ಜಗಳಕ್ಕಿಂತ ಇದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಎಲ್ಎ ನೀಲಿ:
ಆ ವರ್ಷ ಅವನ ಎಸೆತವೂ ಚೆನ್ನಾಗಿರಲಿಲ್ಲ. ಆದರೂ ಈ ಕಾರಣವನ್ನ ಪೂರ್ತಿ ತಳ್ಳಿಹಾಕಲ್ಲ.

ಫ್ರೀಮಾಂಟ್ ಅಮ್ಮ:
ಎಲ್ಲಾ ಓದ್ತಾ ಇದ್ದೆ. ನನ್ನ ಮಗನಿಗೆ 11 ವರ್ಷ, ಮಕ್ಕಳ ಲಿಟಲ್ ಲೀಗ್ ಜೊತೆಗೆ, ಊರೂರಿಗೆ ಹೋಗಿ ಆಡೋ ಒಂದು ಟ್ರಾವೆಲ್ ತಂಡದಲ್ಲೂ ಆಡ್ತಾನೆ. ಶನಿವಾರ ಅಲ್ಲಿ ಎಸೆದು ಭಾನುವಾರ ಇಲ್ಲಿ ಎಸೀತಾನೆ. ಮೊಣಕೈ ಒಳಗಡೆ ಮುಟ್ಟಿದ್ರೆ ನೋವು ಅಂದ. ಟ್ರಾವೆಲ್ ತಂಡದ ಕೋಚ್‌ಗೆ ಹೇಳಿದ್ರೆ ಐಸ್ ಇಡಿ, ಬೆಳೆಯೋ ಮಕ್ಕಳಿಗೆ ಇದೆಲ್ಲಾ ಮಾಮೂಲು ಅಂದ್ರು. ಮಾರ್ಷಲ್ ಮಕ್ಕಳ ಬಗ್ಗೆ ಏನು ಹೇಳಿದ್ದ?

ಭುಜದ ಡಾಕ್ಟರು:
@ಫ್ರೀಮಾಂಟ್ ಅಮ್ಮ ಮೊದಲು ಎಸೆಯೋದು ನಿಲ್ಲಿಸಿ, ಮಕ್ಕಳ ಮೂಳೆ ನೋಡೋ ಡಾಕ್ಟರಿಗೆ ತೋರಿಸಿ. ಈ ವಯಸ್ಸಲ್ಲಿ ಮೊಣಕೈ ಒಳಬದಿ ನೋವು ಮಾಮೂಲಲ್ಲ. ಅಲ್ಲಿ ಮೂಳೆ ಬೆಳೆಯೋ ಜಾಗ ಇನ್ನೂ ಗಟ್ಟಿಯಾಗಿರಲ್ಲ, ಪ್ರತಿ ಎಸೆತವೂ ಅದನ್ನ ಎಳೆಯುತ್ತೆ. ಎಕ್ಸ್‌ರೇಯಲ್ಲಿ ಎರಡೂ ಕೈ ಹೋಲಿಸಿ ನೋಡ್ತಾರೆ.

ಮಾರ್ಷಲ್ ಮಾತಿನಲ್ಲಿ ನಾನು ಪೂರ್ತಿ ಒಪ್ಪೋದು ಇದೊಂದನ್ನ. ಮೊಣಕೈಯ ಬೆಳವಣಿಗೆ ಮುಗಿಯೋ ತನಕ ಮಕ್ಕಳಿಂದ ಪೈಪೋಟಿಯಲ್ಲಿ ಹೆಚ್ಚು ಎಸೆಸಬೇಡಿ, ಹುಟ್ಟಿದ ತಾರೀಕು ನೋಡಬೇಡಿ, ಮೂಳೆಯ ವಯಸ್ಸು ನೋಡಿ ಅಂತ ಹೇಳ್ತಾ ಬಂದ. 12 ವರ್ಷದ ಇಬ್ಬರು ಹುಡುಗರ ಮೂಳೆಯಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಇರಬಹುದು. ಅವನ ಪಿಎಚ್‌ಡಿ ಕೂಡ ಇದರ ಸುತ್ತಲೇ.

ಎಲ್ಎ ನೀಲಿ:
@ಫ್ರೀಮಾಂಟ್ ಅಮ್ಮ ನಿಯಮವೂ ಗೊತ್ತಿರಲಿ. ಲಿಟಲ್ ಲೀಗ್ 2007ರಿಂದ ಎಸೆತ ಎಣಿಸುತ್ತೆ. 11-12 ವಯಸ್ಸಿಗೆ ದಿನಕ್ಕೆ 85, ಅದರಲ್ಲಿ 66 ಮುಟ್ಟಿದ್ರೆ ನಾಲ್ಕು ದಿನ ವಿಶ್ರಾಂತಿ. 41 ಎಸೆದವನು ಆ ದಿನ ಬ್ಯಾಟರ್ ಹಿಂದೆ ಕ್ಯಾಚರ್ ಆಗಿಯೂ ಕೂರೋ ಹಾಗಿಲ್ಲ. ಎಡವಟ್ಟು ಏನಂದ್ರೆ ಎರಡು ತಂಡದ ಲೆಕ್ಕ ಕೂಡಿಸೋರು ಯಾರೂ ಇರಲ್ಲ. ಶನಿವಾರದ ಎಸೆತ ಭಾನುವಾರದ ಕೋಚ್‌ಗೆ ಗೊತ್ತಾಗಲ್ಲ. ಆ ಲೆಕ್ಕ ನೀವೇ ಇಡಬೇಕು.

ಮಿಶಿಗನ್ ಮೈಸೂರಿಗ:
ಪಿಚ್ ಸ್ಮಾರ್ಟ್ ಅಂತ ಎಂಎಲ್‌ಬಿ (ಮೇಜರ್ ಲೀಗ್ ನಡೆಸೋ ಸಂಸ್ಥೆ) ಕೊಟ್ಟಿರೋ ಸೂಚನೆಯಲ್ಲಿ ಈ ವಯಸ್ಸಿನವರು ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಎಸೆಯಲೇಬಾರದು ಅಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲವೂ ಬಿಸಿಲೇ ಅಲ್ವಾ, ಅಲ್ಲಿ ಯಾರೂ ನಿಲ್ಲಿಸಲ್ಲ.

ಫ್ರೀಮಾಂಟ್ ಅಮ್ಮ:
ಈ ವಾರಾಂತ್ಯ ಎರಡೂ ಕಡೆ ಇಲ್ಲ ಅಂದುಬಿಟ್ಟೆ. ಮಗ ಅಳ್ತಿದ್ದಾನೆ, ಕೋಚ್ ಮುನಿಸ್ಕೊಂಡಿದ್ದಾರೆ. ಡಾಕ್ಟರ ಹತ್ತಿರ ಗುರುವಾರಕ್ಕೆ ಸಮಯ ಸಿಕ್ಕಿದೆ.

ಭುಜದ ಡಾಕ್ಟರು:
ಸರಿಯಾದ ಕೆಲಸ ಮಾಡಿದ್ರಿ. ಬ್ಯಾಟಿಂಗ್‌ಗೂ ಕಳಿಸಬೇಡಿ ಗುರುವಾರದ ತನಕ.

ಕ್ವೀನ್ಸ್ ಕನ್ನಡಿಗ:
2024ರ ಡಿಸೆಂಬರ್‌ನಲ್ಲಿ ಎಂಎಲ್‌ಬಿಯೇ ಪಿಚರ್‌ಗಳ ಗಾಯದ ಬಗ್ಗೆ ವರದಿ ಹೊರಡಿಸಿತು. ವೇಗದ ಹಿಂದೆ ಬಿದ್ದಿರೋದು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕೋದು, ಮಕ್ಕಳಿಂದಲೇ ಅದನ್ನ ಶುರು ಮಾಡಿರೋದು ಅಂತ ಬರೆದಿದ್ದಾರೆ. ಮಾರ್ಷಲ್ ಮಕ್ಕಳ ತೋಳಿನ ಬಗ್ಗೆ 1970ರ ದಶಕದಿಂದಲೇ ಕೂಗ್ತಿದ್ದ.

ಎಲ್ಎ ನೀಲಿ:
ಮಕ್ಕಳ ವಿಷಯದಲ್ಲಿ ಅವನು ಸರಿ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡವರ ಪಿಚಿಂಗ್ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. ಮತ್ತೆ ಹಾಲ್ ಆಫ್ ಫೇಮ್ ಕೇಳಬೇಡಿ, 188 ಸೇವ್, 97 ಗೆಲುವು 112 ಸೋಲಿಗೆ ಅದು ಸಿಗಲ್ಲ.

ಮಿಶಿಗನ್ ಮೈಸೂರಿಗ:
ಆಟಗಾರ ಅಂತ ಬೇಡ. ಟಾಮಿ ಜಾನ್ ತೋಳು ಉಳಿಸೋಕೆ ಕೈಹಾಕಿದ ಡಾಕ್ಟರ್ ಜೋಬ್‌ರನ್ನ 2013ರಲ್ಲಿ ಹಾಲ್ ಆಫ್ ಫೇಮ್ ಇರೋ ಕೂಪರ್ಸ್‌ಟೌನ್‌ಗೆ ಕರೆದು ಗೌರವಿಸಿದ್ರಲ್ಲ, ಹಾಗೆ ಮಾರ್ಷಲ್ ಕೆಲಸಕ್ಕೂ ಒಂದು ಮಾತು ಆಡಬಹುದು. ಅಷ್ಟನ್ನಾದ್ರೂ ಒಪ್ತೀರಾ?

ಎಲ್ಎ ನೀಲಿ:
ಅದನ್ನ ಒಪ್ತೀನಿ. ಆದರೆ ಜೋ ರೂಡಿಗೆ ಎಸೆದ ಆ ಚೆಂಡನ್ನ ಕ್ಷಮಿಸಲ್ಲ.